ಫೋರ್‌ಸ್ಟೇಟರ್ ಕೇಸ್, ಮ್ಯಾಕೆರೆತ್ ಕೇಸ್: ಬ್ರಿಟನ್ನಿನಲ್ಲಿ ಕೆಲಸ ಮಾಡುವವರಿಗೆ ಒಂದು ಹೋಲಿಕೆ

ಲಿಂಗ ಗುರುತಿನ ಬಗ್ಗೆ ಆಫೀಸಿನಲ್ಲಿ ಮಾತಾಡಬಹುದಾ ಅನ್ನುವ ಪ್ರಶ್ನೆ ನಿಮ್ಮದಾಗಿದ್ದರೆ, ಈ ಎರಡನ್ನೂ ಓದಲೇಬೇಕು.

ಮಾಯಾ ಫೋರ್‌ಸ್ಟೇಟರ್ ಟ್ವಿಟರ್‌ನಲ್ಲಿ ಬರೆದದ್ದು ಇಷ್ಟು: ಹುಟ್ಟಿನಿಂದ ಬಂದ ಲಿಂಗ ಬದಲಾಗುವುದಿಲ್ಲ. ಅವರ ಕೆಲಸದ ಒಪ್ಪಂದ ಮುಂದುವರಿಯಲಿಲ್ಲ. ತಾರತಮ್ಯ ಆಯಿತೆಂದು ಕೇಸ್ ಹಾಕಿದರು, 2019ರಲ್ಲಿ ಸೋತರು. 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ, ಈ ನಂಬಿಕೆಗೂ 2010ರ ಸಮಾನತೆ ಕಾಯ್ದೆಯ ರಕ್ಷಣೆ ಇದೆ ಎಂದಿತು. 2022ರಲ್ಲಿ ತಾರತಮ್ಯ ಸಾಬೀತಾಯಿತು. ಆದರೆ ಅದೇ 2021ರ ತೀರ್ಪು ಇನ್ನೊಂದನ್ನೂ ಹೇಳಿದೆ: ಟ್ರಾನ್ಸ್ ವ್ಯಕ್ತಿಗಳನ್ನು ಮನಬಂದಂತೆ ಕರೆಯಲು ಇದು ಪರವಾನಗಿ ಅಲ್ಲ. ಜನ ಈ ಸಾಲನ್ನೇ ಬಿಟ್ಟುಬಿಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಡೇವಿಡ್ ಮ್ಯಾಕೆರೆತ್ ಡಾಕ್ಟರ್. ಅಂಗವೈಕಲ್ಯ ಭತ್ಯೆ ಕೇಳಿ ಬಂದವರನ್ನು ಪರೀಕ್ಷಿಸುವ ಕೆಲಸ. ಟ್ರಾನ್ಸ್ ವ್ಯಕ್ತಿಗಳನ್ನು ಅವರು ಬಯಸಿದಂತೆ 'ಅವನು', 'ಅವಳು' ಎಂದು ಕರೆಯಲ್ಲ ಎಂದರು. ಅವರೂ ಕೇಸ್ ಹಾಕಿದರು. 2019ರಲ್ಲೂ ಸೋತರು, 2022ರ ಮೇಲ್ಮನವಿಯಲ್ಲೂ ಸೋತರು. ನಂಬಿಕೆಗೆ ರಕ್ಷಣೆ ಸಿಕ್ಕಿತು, ನಡವಳಿಕೆಗೆ ಸಿಗಲಿಲ್ಲ.

ಸ್ವಂತ ಖಾತೆಯಲ್ಲಿ ಬರೆಯುವವರಿಗೆ ಮೊದಲನೆಯದು ಹತ್ತಿರ. ಎದುರಿಗೆ ರೋಗಿಯೋ ಗ್ರಾಹಕರೋ ಕೂತಿರುವ ಕೆಲಸವಾದರೆ, ಎರಡನೆಯದನ್ನೇ ನಂಬಿ ನಡೆಯಿರಿ. ಮುಂದಿರುವವರು ಸಹಾಯ ಕೇಳಿ ಬಂದವರು, ಅಲ್ವಾ?