ಕ್ರೀಟ್‌ನಲ್ಲಿ ಹನಿಮೂನ್: ರೂಮು ರೆಸಾರ್ಟಿನಲ್ಲಿ, ರಾತ್ರಿ ಊಟ ಊರೊಳಗೆ

ಮೇ ತಿಂಗಳಲ್ಲಿ ಶಿರಸಿಯಲ್ಲಿ ನಮ್ಮ ಮದುವೆ ಆಯಿತು. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ನಾವಿರುವುದು ಮ್ಯೂನಿಕ್‌ನಲ್ಲಿ. ಅಲ್ಲಿಂದ ಗ್ರೀಸಿನ ಕ್ರೀಟ್ ದ್ವೀಪಕ್ಕೆ ವಿಮಾನದಲ್ಲಿ ಮೂರು ಗಂಟೆಯೂ ಬೇಡ. ಹಾನಿಯಾ ಪಟ್ಟಣದಿಂದ ಪಶ್ಚಿಮಕ್ಕೆ ಹನ್ನೊಂದು ಕಿಲೋಮೀಟರ್ ಹೋದರೆ ಪ್ಲಾಟಾನಿಯಾಸ್ ಬೀಚ್. ಅಲ್ಲಿನ ಒಂದು ನಾಲ್ಕು ಸ್ಟಾರ್ ರೆಸಾರ್ಟಿನಲ್ಲಿ ಏಳು ರಾತ್ರಿ ಇದ್ದೆವು. ನಾನು ಪೂರ್ತಿ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮ್ಮವರು ಕುಮಟಾದವರು, ಅವರಿಗೆ ಮೀನು ಬೇಕೇ ಬೇಕು. ಹನಿಮೂನಿಗೆ ಆ ಕಡೆ ಹೊರಟ ಕನ್ನಡದ ಜೋಡಿಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ರೂಮು ತುಂಬಾ ಚೆನ್ನಾಗಿತ್ತು. ಬುಕ್ ಮಾಡುವಾಗಲೇ ಹೊಸದಾಗಿ ಮದುವೆ ಆದವರು ಅಂತ ಬರೆದಿದ್ದೆ. ದ್ರಾಕ್ಷಿ, ಅಂಜೂರ, ಒಂದು ಬಾಟಲಿ ವೈನ್ ಇಟ್ಟಿದ್ದರು. ಕೇಳದೆಯೇ ಸಮುದ್ರದ ಕಡೆಯ ರೂಮು ಕೊಟ್ಟರು. ಬಾಲ್ಕನಿಯಲ್ಲಿ ಕೂತರೆ ಎದುರಿಗೇ ಥೊಡೊರು ದ್ವೀಪ. ಕ್ರೀಟನ್ನು ನುಂಗಲು ಬಂದ ರಾಕ್ಷಸ ಪ್ರಾಣಿಯನ್ನು ದೇವರು ಕಲ್ಲು ಮಾಡಿದ ಅಂತ ಅಲ್ಲಿಯವರ ಕಥೆ. ನೋಡಿದರೆ ನಿಜಕ್ಕೂ ಬಾಯಿ ತೆರೆದು ಮಲಗಿದ ಹಾಗೇ ಇದೆ. ಕ್ರಿಕ್ರಿ ಎಂಬ ಕಾಡು ಆಡುಗಳಿಗಾಗಿ ಅದನ್ನು ಕಾಯ್ದಿಟ್ಟಿದ್ದಾರೆ.

ರೂಮಿನ ಬಾಡಿಗೆಯ ಜೊತೆಗೆ ಸರ್ಕಾರದ ಶುಲ್ಕವೊಂದಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಾಲ್ಕು ಸ್ಟಾರ್ ಹೋಟೆಲಾದರೆ ರಾತ್ರಿಗೆ 10 ಯೂರೋ, ಐದು ಸ್ಟಾರ್ ಆದರೆ 15. 2025ರಿಂದ ಇದೇ ದರ. ನಾವು ಕೌಂಟರಿನಲ್ಲಿ 70 ಯೂರೋ ಬೇರೆಯಾಗಿ ಕಟ್ಟಿದೆವು.

ತಪ್ಪಾಗಿದ್ದು ಊಟದ ವಿಷಯದಲ್ಲಿ. ಹಾಫ್ ಬೋರ್ಡ್ ತೆಗೆದುಕೊಂಡಿದ್ದೆವು. ಅಂದರೆ ಬೆಳಗಿನ ತಿಂಡಿ ಮತ್ತು ರಾತ್ರಿ ಊಟ. ರಾತ್ರಿ ಊಟಕ್ಕೆ ತಲೆಗೆ 28 ಯೂರೋ ಜಾಸ್ತಿ. ಇಬ್ಬರಿಗೆ ಏಳು ರಾತ್ರಿಗೆ 392 ಯೂರೋ. ಅದರಲ್ಲಿ ಕುಡಿಯುವ ನೀರೂ ಸೇರಿಲ್ಲ, ಬಾಟಲಿಗೆ ಬೇರೆ ದುಡ್ಡು. ಬುಫೆಯಲ್ಲಿ ನನಗೆ ಸಿಗುತ್ತಿದ್ದದ್ದು ಪಾಸ್ತಾ, ಆಲೂಗಡ್ಡೆ ಫ್ರೈ, ಸಲಾಡ್. ತರಕಾರಿ ಸೂಪ್ ಅಂತ ಚೀಟಿ ಇಟ್ಟಿದ್ದನ್ನು ಎರಡು ರಾತ್ರಿ ಕುಡಿದೆ. ಮೂರನೇ ರಾತ್ರಿ ಸುಮ್ನೆ ಅಡುಗೆಯವರನ್ನು ಕೇಳಿದೆ. ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತೇವೆ ಅಂದರು. ಆ ರಾತ್ರಿ ನನಗೆ ಅಳು ಬಂತು. ಚೀಟಿ ನೋಡಿ ನಂಬಬೇಡಿ, ಬಾಯಿ ಬಿಟ್ಟು ಕೇಳಿ.

ಬೀಚಿನಲ್ಲಿ ಮೇಣದಬತ್ತಿ ಹಚ್ಚಿ ಇಬ್ಬರಿಗೇ ಬಡಿಸುವ ಊಟ ಅಂತ ಇನ್ನೊಂದು ಇತ್ತು, 120 ಯೂರೋ. ನಮ್ಮ ಪಕ್ಕದ ರೂಮಿನ ಜೋಡಿ ತೆಗೆದುಕೊಂಡಿದ್ದರು. ಗಾಳಿಗೆ ದೀಪ ನಿಲ್ಲಲಿಲ್ಲ, ತಟ್ಟೆಯಲ್ಲಿ ಮರಳು. ಅದು ಉತ್ತರದ ಕರಾವಳಿ. ಜುಲೈ, ಆಗಸ್ಟ್‌ನಲ್ಲಿ ಮೆಲ್ತೆಮಿ ಅನ್ನುವ ಗಾಳಿ ಇನ್ನೂ ಜೋರು.

ನಾಲ್ಕನೇ ದಿನದಿಂದ ರಾತ್ರಿ ಊಟಕ್ಕೆ ಹೊರಗೆ ಹೋದೆವು. ಕಟ್ಟಿದ ದುಡ್ಡು ಹೋದರೆ ಹೋಗಲಿ ಅನ್ನಿಸಿತು. ಬೀಚ್ ರಸ್ತೆಯಿಂದ ಹದಿನೈದು ನಿಮಿಷ ಗುಡ್ಡ ಹತ್ತಿದರೆ ಹಳೇ ಪ್ಲಾಟಾನಿಯಾಸ್ ಊರು. ಅಲ್ಲಿ ತವೆರ್ನಾಗಳಿವೆ, ಅಂದರೆ ಮನೆಯವರೇ ನಡೆಸುವ ಊಟದ ಜಾಗ. ಕೆಳಗೆ ಇಡೀ ಕಡಲು ಕಾಣುತ್ತದೆ.

ಅಲ್ಲಿ ತಿಂದದ್ದು ನನಗೆ ಮನೆಯನ್ನೇ ನೆನಪಿಸಿತು. ಹೊರ್ತಾ ಅಂದರೆ ಗುಡ್ಡದಲ್ಲಿ ತಾನಾಗಿ ಬೆಳೆದ ಸೊಪ್ಪನ್ನು ಬೇಯಿಸಿ, ಆಲಿವ್ ಎಣ್ಣೆ ಮತ್ತು ನಿಂಬೆಹುಳಿ ಹಾಕಿ ಕೊಡುವುದು. ಅಮ್ಮ ಹಿತ್ತಿಲಿಂದ ಕಿತ್ತು ತರುವ ಸೊಪ್ಪಿನದ್ದೇ ರುಚಿ, ಒಗ್ಗರಣೆ ಮಾತ್ರ ಇಲ್ಲ. ಫಾವಾ ಅಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಹಸಿ ಈರುಳ್ಳಿ ಹಾಕಿದ್ದು, ನಮ್ಮ ಗಟ್ಟಿ ತೊವ್ವೆಯ ಹಾಗೆ. ದಾಕೋಸ್‌ನಲ್ಲಿ ಬಾರ್ಲಿಯ ಗಟ್ಟಿ ರಸ್ಕ್ ಮೇಲೆ ತುರಿದ ಟೊಮೆಟೊ, ಮಿಜಿಥ್ರಾ ಚೀಸ್ ಇರುತ್ತದೆ. ಬಂದ ಕೂಡಲೇ ತಿನ್ನಬೇಡಿ. ಐದು ನಿಮಿಷ ಬಿಟ್ಟರೆ ಟೊಮೆಟೊ ರಸಕ್ಕೆ ರಸ್ಕ್ ಮೆತ್ತಗಾಗುತ್ತದೆ. ಹಾನಿಯಾ ಕಡೆಯದ್ದೇ ಆದ ಬುರೇಕಿಯನ್ನು ಮಾತ್ರ ಬಿಡಲೇಬೇಡಿ. ಸೀಮೆ ಸೌತೆಯಂಥ ಕಾಯಿ, ಆಲೂಗಡ್ಡೆ, ಚೀಸ್, ಪುದೀನ ಪದರ ಪದರವಾಗಿ ಹಾಕಿ ಒಲೆಯಲ್ಲಿ ಬೇಯಿಸುತ್ತಾರೆ. ನಾನು ನಾಲ್ಕು ರಾತ್ರಿಯಲ್ಲಿ ಮೂರು ಸಲ ತಿಂದೆ. ಕೆಲವು ಮನೆಗಳಲ್ಲಿ ಮೊಟ್ಟೆ ಹಾಕುತ್ತಾರೆ, ಮೊದಲೇ ಕೇಳಿ. ಚೀಸ್ ಗಟ್ಟಿ ಮಾಡಲು ಕರುವಿನ, ಕುರಿಮರಿಯ ಹೊಟ್ಟೆಯ ರೆನೆಟ್ ಬಳಸುವುದೂ ಉಂಟು. ಅದು ಬೇಡ ಅನ್ನುವವರು ಹೊರ್ತಾ, ಫಾವಾ, ಗಿಗಾಂತೆಸ್ ಅನ್ನುವ ದಪ್ಪ ಬಿಳಿ ಅವರೆಯಂಥ ಕಾಳು ತೆಗೆದುಕೊಳ್ಳಬಹುದು.

ಎರಡು ಮಾತು ಕಲಿತು ಹೋಗಿ. 'ಹೊರ್ತೊಫಾಗೊಸ್' ಅಂದರೆ ಸಸ್ಯಾಹಾರಿ. 'ನಿಸ್ತಿಸಿಮೊ' ಅಂದರೆ ಉಪವಾಸದ ಅಡುಗೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್ ಮುಂಚಿನ ವಾರಗಳಲ್ಲಿ, ಹಾಗೇ ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಬಿಡುವ ಪದ್ಧತಿ ಇದೆ. ಅದಕ್ಕೇ ಎಣ್ಣೆಯಲ್ಲಿ ಮಾಡಿದ ತರಕಾರಿ ಅಡುಗೆ ಅವರಲ್ಲಿ ಇಷ್ಟೊಂದು. ಆದರೆ ಒಂದು ಎಚ್ಚರ. ಆ ಉಪವಾಸಕ್ಕೆ ಸೀಗಡಿ, ಆಕ್ಟೋಪಸ್ ನಡೆಯುತ್ತದೆ. ಹಾಗಾಗಿ ಎರಡೂ ಮಾತನ್ನು ಒಟ್ಟಿಗೆ ಹೇಳಿ. ಅವರು 'ನೆ' ಅಂದರೆ ಹೌದು ಅಂತ ಅರ್ಥ, ಬೇಡ ಅಂತ ತಿಳಿಯಬೇಡಿ. ಇಲ್ಲ ಅನ್ನುವುದಕ್ಕೆ 'ಓಹಿ'.

ಮೀನು ತಿನ್ನುವವರು ಮೆನುವಿನಲ್ಲಿ ಬೆಲೆಯನ್ನು ಸರಿಯಾಗಿ ನೋಡಬೇಕು. ಬರೆದಿರುವುದು ಕಿಲೋ ಲೆಕ್ಕ, ತಟ್ಟೆ ಲೆಕ್ಕ ಅಲ್ಲ. ನಮ್ಮವರು ಒಳಗೆ ಹೋಗಿ ಮೀನು ಆರಿಸಿ, ತೂಕ ಹಾಕಿಸಿ, ಬೆಲೆ ಕೇಳಿದ ಮೇಲೆಯೇ ಹ್ಞೂಂ ಅಂದರು. ಅದನ್ನು ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಚಿಪುರಾ ಎಂಬ ಮೀನನ್ನು ಇಡಿಯಾಗಿ ಕೆಂಡದ ಮೇಲೆ ಸುಟ್ಟು, ನಿಂಬೆರಸ, ಎಣ್ಣೆ ಹಾಕಿ ಕೊಟ್ಟರು. ಮಸಾಲೆ ಇಲ್ಲದೆಯೂ ಇಷ್ಟು ರುಚಿ ಇರುತ್ತದಲ್ಲ ಅಂತ ಅವರು ಮೂರು ಸಲ ಹೇಳಿದರು. ಆ ರಾತ್ರಿ ಇಬ್ಬರದ್ದೂ ಸೇರಿ 41 ಯೂರೋ. ಊಟ ಮುಗಿದ ಮೇಲೆ ಕಲ್ಲಂಗಡಿ ಹಣ್ಣು ಮತ್ತು ಚಿಕ್ಕ ಬಾಟಲಿಯಲ್ಲಿ ರಾಕಿ ಎಂಬ ಸಾರಾಯಿ ತಂದಿಟ್ಟರು, ಅದಕ್ಕೆ ದುಡ್ಡಿಲ್ಲ. ರಾಕಿ ಬಹಳ ಖಡಕ್ಕು. ಕಾರು ಓಡಿಸುವವರು ಹಣ್ಣು ತಿಂದು ಏಳಿ. ಊರಿನವರು ಊಟಕ್ಕೆ ಬರುವುದೇ ರಾತ್ರಿ ಒಂಬತ್ತರ ಮೇಲೆ. ಏಳೂವರೆಗೆ ಹೋದರೆ ಕಡಲಿನ ಕಡೆಯ ಮೇಜು ಸಿಗುತ್ತದೆ.

ಸುತ್ತಾಟದ ವಿಷಯ. ಎಲಾಫೊನಿಸಿ ಬೀಚಿಗೆ ಹೋಗಲೇಬೇಕು. ಹಾನಿಯಾದಿಂದ ಸುಮಾರು 75 ಕಿಲೋಮೀಟರ್, ಆದರೆ ಟೊಪೊಲಿಯಾ ಕಣಿವೆಯ ತಿರುವುಗಳಲ್ಲಿ ಹೋಗಬೇಕು. ಎರಡು ಗಂಟೆ ಇಟ್ಟುಕೊಳ್ಳಿ. ಚಿಪ್ಪಿನ ಪುಡಿ ಸೇರಿ ಅಲ್ಲಲ್ಲಿ ಮರಳು ತಿಳಿ ಗುಲಾಬಿ. ಮೊಣಕಾಲಿನಷ್ಟು ನೀರಿನಲ್ಲಿ ಕೈ ಹಿಡಿದು ದೂರದವರೆಗೆ ನಡೆಯಬಹುದು, ಈಜು ಬಾರದ ನನಗೆ ಅದೇ ದೊಡ್ಡ ಖುಷಿ. ಬೆಳಿಗ್ಗೆ ಒಂಬತ್ತರೊಳಗೆ ತಲುಪಿ, ಆಮೇಲೆ ಬಸ್ಸುಗಳು ಬರುತ್ತವೆ. ಮರಳು ತುಂಬಿಕೊಂಡು ಬರಬೇಡಿ, ಅದು ನಿಷೇಧ. 16 ಕಿಲೋಮೀಟರಿನ ಸಮಾರಿಯಾ ಕಣಿವೆಯ ನಡಿಗೆಯನ್ನು ನಾವು ಬಿಟ್ಟೆವು, ಮದುವೆಯ ಓಡಾಟದ ದಣಿವು ಇನ್ನೂ ಇಳಿದಿರಲಿಲ್ಲ.

ಹಾನಿಯಾದಲ್ಲಿ ವೆನಿಸಿನವರು ಕಟ್ಟಿದ ಹಳೇ ಬಂದರಿನಲ್ಲಿ ಸಂಜೆ ನಡೆಯಿರಿ, ದೀಪಸ್ತಂಭದವರೆಗೂ ಹೋಗಿ ಬನ್ನಿ. ನೀರಿನ ಅಂಚಿನ ಹೋಟೆಲುಗಳಲ್ಲಿ ಊಟಕ್ಕೆ ಕೂರಬೇಡಿ. ಅದೇ ಊಟಕ್ಕೆ ಎರಡು ಗಲ್ಲಿ ಹಿಂದೆ ಕಡಿಮೆ ದುಡ್ಡು.

ಹೊರಡುವ ದಿನ ಬೆಳಿಗ್ಗೆ ಅಲ್ಲೇ ಇಯೊರ್ಡಾನಿಸ್ ಎಂಬ ಅಂಗಡಿಗೆ ಹೋದೆವು. 1924ರಿಂದ ಇದೆ, ಮಾಡುವುದು ಬುಗಾಟ್ಸಾ ಒಂದೇ. ತೆಳು ಹಿಟ್ಟಿನ ಪದರದೊಳಗೆ ಉಪ್ಪುಪ್ಪು ಚೀಸ್, ಮೇಲೆ ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿ. ಬಿಸಿ ಇರುವಾಗಲೇ ತಿನ್ನಬೇಕು. ಇಬ್ಬರಿಗೆ ಒಂದು ತಟ್ಟೆ ಸಾಕು ಅಂತ ಕೂತೆವು, ಮತ್ತೆ ಎರಡು ತರಿಸಿದೆವು.