ನಾಟಿ ಭತ್ತವೋ, ಕೂರಿಗೆ ಭತ್ತವೋ?

ತುಂಗಭದ್ರಾ ಜಲಾಶಯ 1953ರಲ್ಲಿ ಬಂದಾಗ ಎಡದಂಡೆ ಕಾಲುವೆಯ ಹೆಚ್ಚಿನ ಜಮೀನಿಗೆ ಯೋಜಿಸಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು. ಆದರೆ ಸಿಂಧನೂರು, ಗಂಗಾವತಿ ತುಂಬ ಭತ್ತವೇ ಹಬ್ಬಿತು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಸಾಲದಾಯಿತು.

ಸಸಿ ಬೆಳೆಸಿ ಕಿತ್ತು ನೆಡುವ ನಾಟಿಗೆ ಸಸಿಮಡಿ, ಕೆಸರು, ಆಳು ಎಲ್ಲವೂ ಬೇಕು. ಎಕರೆಗೆ ಸುಮಾರು 25 ಕಿಲೋ ಬೀಜ. ನಿಂತ ನೀರು ಕಳೆಯನ್ನು ಅದುಮುತ್ತದೆ. ಕಾಲುವೆಯ ಮೇಲ್ಭಾಗದವರಿಗೆ ಇದೇ ನಿಶ್ಚಿಂತೆ.

ಬೀಜವನ್ನೇ ನೇರವಾಗಿ ಸಾಲಿನಲ್ಲಿ ಬಿತ್ತುವ ಕೂರಿಗೆಗೆ ಎಕರೆಗೆ 10 ಕಿಲೋ ಆಸುಪಾಸು ಸಾಕು. ಮಳೆಯ ಹಸಿಯಲ್ಲೇ ಬಿತ್ತಿ ಕಾಲುವೆ ನೀರಿಗೆ ಕಾಯಬಹುದು. ಕಳೆಯೇ ದೊಡ್ಡ ಕಂಟಕ: ಮೊದಲ ತಿಂಗಳು ಸಾಲಿನ ನಡುವೆ ಕುಳಿತು ನೋಡಿ, ಎಳೆಯ ಭತ್ತ ಯಾವುದು, ಹುಲ್ಲು ಯಾವುದು ಎಂದು ಪಳಗಿದ ಕಣ್ಣಿಗೂ ಸುಲಭಕ್ಕೆ ತಿಳಿಯದು. ಆಗ ಮೈಮರೆತರೆ ಇಳುವರಿ ಕೈತಪ್ಪಿದಂತೆಯೇ. ಆದರೂ ಕೊನೆಯ ಭಾಗದವರಿಗೆ ನಾನು ಕೂರಿಗೆಯನ್ನೇ ಹೇಳುತ್ತೇನೆ. ಸವಳು, ಅಂದರೆ ಉಪ್ಪು ಹೆಚ್ಚಿದ ಜಮೀನಾದರೆ ಮಾತ್ರ ನಾಟಿ.