ಎಂಜಿಬಿ ಹೀಟರ್ ಬ್ಲೋವರ್: ಹಳೇ ಮೋಟರ್ ರಿಪೇರಿಯೋ, ಹೊಸದೋ, ಮಾರುತಿಯದೋ?

ಚಿಕ್ಕಮಗಳೂರಲ್ಲಿ ಕಾರಿಗೆ ಹೀಟರ್ ಯಾಕೆ ಅಂತ ಕೇಳುವವರು ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕು. ಗಾಜಿಗೆ ಒಳಗಿನಿಂದ ಮಂಜು ಕಟ್ಟಿದರೆ ಮುಂದಿನ ತಿರುವೇ ಕಾಣುವುದಿಲ್ಲ. ನಮ್ಮದು 1965ರ ಎಂಜಿಬಿ, ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಅದರಲ್ಲಿ ಎಸಿ ಇಲ್ಲ, ಗಾಜು ತಿಳಿಯಾಗಿಸಲು ಇರುವುದು ಬಿಸಿ ಗಾಳಿ ಊದುವ ಹೀಟರ್ ಬ್ಲೋವರ್ ಒಂದೇ. ಬ್ಲೋವರಿನ ಮೋಟರ್ ಜಾಮ್ ಆಗಿ ನಿಂತಾಗ ಮೂರು ದಾರಿ ನೋಡಿದೆ. ಈಗ ಕಾರಲ್ಲಿರುವುದು ವೈಂಡಿಂಗ್ ಅಂಗಡಿಯಲ್ಲಿ ರಿಪೇರಿಯಾದ ಹಳೇ ಮೋಟರ್. ಯಾರು ಕೇಳಿದರೂ ಮೊದಲು ಅದನ್ನೇ ಹೇಳುತ್ತೇನೆ.

ಮೋಟರ್ ಬಿಚ್ಚುವ ಕಷ್ಟ ಮೂರಕ್ಕೂ ಒಂದೇ. ಹೀಟರ್ ಪೆಟ್ಟಿಗೆಯನ್ನು ಪೂರ್ತಿ ಇಳಿಸಬೇಡಿ. ಇಳಿಸಿದರೆ ನೀರು, ಪೈಪು, ಕೇಬಲ್ಲು ಎಲ್ಲಾ ಬಿಚ್ಚಬೇಕು. ಮೋಟರ್ ಹಿಡಿದಿರುವುದು ಮೂರು ಸ್ಕ್ರೂ ಅಷ್ಟೇ. ಕೆಳಗಿನದು ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲಿ ತಡಕಿ ಗಿಡ್ಡ ಸ್ಕ್ರೂಡ್ರೈವರ್‌ನಲ್ಲಿ ತೆಗೆಯಬೇಕು.

ಮೊದಲು ಇಂಗ್ಲೆಂಡಿನಿಂದ ಹೊಸ ಮೋಟರ್ ತರಿಸಿದೆ. ಕೊರಿಯರ್, ಕಸ್ಟಮ್ಸ್ ಸೇರಿ ಬೆಲೆ ಎರಡರಷ್ಟಾಯಿತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸ್ವಿಚ್ ಹಾಕಿದರೆ ಮೋಟರ್ ಚೆನ್ನಾಗಿಯೇ ತಿರುಗುತ್ತದೆ, ಸದ್ದೂ ಬರುತ್ತದೆ, ಆದರೆ ಗಾಜಿನ ಮೇಲಿನ ಮಂಜು ಕರಗುವುದಿಲ್ಲ. ಕಾಲಿನ ಹತ್ತಿರದ ಕಿಂಡಿಗೆ ಪೇಪರ್ ಚೂರು ಹಿಡಿದರೆ ಸುಮ್ನೆ ನಡುಗುತ್ತದೆ, ಹಾರುವುದಿಲ್ಲ.

ಪೈಪ್ ಕಟ್ಟಿದೆಯಾ ನೋಡಿದೆ. ಪೆಟ್ಟಿಗೆಯೊಳಗಿನ ಮುಚ್ಚಳ ತೆರೆಯುತ್ತಿದೆಯಾ ನೋಡಿದೆ. ಅಂಚಿನ ಹಳೇ ಸ್ಪಂಜ್ ಪುಡಿಯಾಗಿತ್ತು, ಅದನ್ನೂ ಬದಲಿಸಿದೆ. ಗಾಳಿ ಹಾಗೇ ಇತ್ತು.

ಕಾರಣ ಬೇರೆಯೇ ಇತ್ತು. 1967ರ ಕೊನೆಗಿಂತ ಮುಂಚಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಅರ್ತ್ ಆಗಿರುತ್ತದೆ. ಆಮೇಲಿನವುಗಳಲ್ಲಿ ಮೈನಸ್. ನನಗೆ ಬಂದದ್ದು ಮೈನಸ್ ಅರ್ತ್ ಕಾರಿನ ಮೋಟರ್, ಒಳಗಡೆ ಮ್ಯಾಗ್ನೆಟ್ ಇರುವಂಥದ್ದು. ಅಂಥ ಮೋಟರ್‌ಗೆ ಕರೆಂಟು ಉಲ್ಟಾ ಕೊಟ್ಟರೆ ಉಲ್ಟಾ ತಿರುಗುತ್ತದೆ. ಜೊತೆಗೆ ಬಂದ ಪ್ಲಾಸ್ಟಿಕ್ ಫ್ಯಾನಿನ ರೆಕ್ಕೆಗಳು ಬಾಗಿದ ಆಕಾರದವು. ಅದು ಉಲ್ಟಾ ತಿರುಗಿದರೂ ಗಾಳಿ ಅದೇ ದಾರಿಯಲ್ಲೇ ಹೋಗುತ್ತದೆ, ಬರೀ ಜೋರು ಇರುವುದಿಲ್ಲ. ಅದಕ್ಕೇ ದೋಷ ಬೇಗ ಸಿಗುವುದಿಲ್ಲ. ಪೆಟ್ಟಿಗೆಯಲ್ಲಿ ಇದರ ಬಗ್ಗೆ ಒಂದು ಚೀಟಿಯೂ ಇರಲಿಲ್ಲ. ಇಷ್ಟು ದುಡ್ಡು ತಗೊಂಡ ಮೇಲೆ ಒಂದು ಸಾಲು ಬರೆಯಬೇಕಿತ್ತು ಅಲ್ವಾ? ಎರಡು ವಯರ್ ಅದಲುಬದಲು ಮಾಡಿದ ಮೇಲೆ ಗಾಳಿ ಸರಿಯಾಯಿತು. ಸದ್ದು ಮಾತ್ರ ಹಳೆಯದಕ್ಕಿಂತ ಜಾಸ್ತಿ. ಹೊಸದು ತರಿಸುವವರು ಕೂರಿಸುವ ಮೊದಲೇ ಕಾರಿನ ಬ್ಯಾಟರಿಗೆ ತಾಗಿಸಿ, ಯಾವ ಕಡೆ ತಿರುಗುತ್ತದೆ ನೋಡಿಕೊಳ್ಳಿ.

ಗುಜರಿಯಲ್ಲಿ ಸಿಕ್ಕ ಮಾರುತಿ 800ರ ಬ್ಲೋವರ್ ಮೋಟರ್ ಅಗ್ಗ. ಆದರೆ ಅದು ಕೂರಬೇಕಾದರೆ ಪೆಟ್ಟಿಗೆಯ ತಗಡು ಕತ್ತರಿಸಬೇಕು. ನಾನು ಕತ್ತರಿಸಲಿಲ್ಲ, ಕತ್ತರಿಸುವುದೂ ಇಲ್ಲ.

ಕೊನೆಗೆ ಹಳೇ ಮೋಟರನ್ನು ಪೇಟೆಯ ವೈಂಡಿಂಗ್ ಅಂಗಡಿಗೆ ಒಯ್ದೆ. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ಕಾಲಿಡಲಾಗುವುದಿಲ್ಲ. ಕಾಫಿ ಹೂವಿಗೆ ನೀರು ಹೊಡೆಯುವ ಕಾಲ, ಎಸ್ಟೇಟುಗಳ ಪಂಪ್‌ಸೆಟ್ ಮೋಟರ್‌ಗಳೇ ತುಂಬಿರುತ್ತವೆ. ಮಳೆಗಾಲದಲ್ಲಿ ಪುರುಸೊತ್ತಾಗಿ ನೋಡುತ್ತಾರೆ. "ಕಾಯಿಲ್ ಸುಟ್ಟಿಲ್ಲ ಸಾರ್, ಬುಷ್ ಒಣಗಿದೆ, ಬ್ರಷ್ ಸವೆದಿದೆ ಅಷ್ಟೇ" ಅಂದರು. ಬುಷ್ ಅಂದರೆ ಮೋಟರಿನ ಶಾಫ್ಟ್ ತಿರುಗುವ ಲೋಹದ ಬಳೆ, ಬ್ರಷ್ ಅಂದರೆ ತಿರುಗುವ ಕಾಯಿಲ್‌ಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು. ಡ್ರಿಲ್ ಮೆಷಿನ್ನಿನ ಕಾರ್ಬನ್ ಬ್ರಷ್ ತಗೊಂಡು, ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಉಜ್ಜಿ, ಹಳೇ ಹೋಲ್ಡರ್‌ನಲ್ಲಿ ಸಲೀಸಾಗಿ ಜಾರುವಷ್ಟು ಸಣ್ಣ ಮಾಡಿದರು. ಬುಷ್‌ಗಳನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿಟ್ಟರು. ಬ್ರಷ್ ಒರಗುವ ತಾಮ್ರದ ಭಾಗವಾದ ಕಮ್ಯುಟೇಟರ್ ತಿಕ್ಕಿದಾಗ ಕಪ್ಪೆಲ್ಲಾ ಹೋಗಿ ತಾಮ್ರ ಹೊಳೆಯಿತು. ಖರ್ಚು ಸಾವಿರದ ಒಳಗೆ. ತಿರುಗುವ ದಿಕ್ಕಿನ ತಾಪತ್ರಯವೂ ಇಲ್ಲ.

ನಾನು ಮಳೆಯಲ್ಲೂ ಈ ಕಾರನ್ನೇ ಓಡಿಸುವವನು. ಕೆಟ್ಟರೆ ಮರುದಿನವೇ ತೋರಿಸಲು ಊರಲ್ಲೇ ಜನ ಬೇಕು, ಪಾರ್ಸೆಲ್ ಕಾಯುತ್ತಾ ಕೂರಲಾಗುವುದಿಲ್ಲ. ಕಾಯಿಲ್ ಸುಟ್ಟು ಹೋಗಿದ್ದರೆ ಮಾತ್ರ ಹೊಸದು ತರಿಸಿ. ನಾನು ತರಿಸಿದ್ದನ್ನು ವಯರ್‌ಗೆ ಚೀಟಿ ಕಟ್ಟಿ ಸ್ಪೇರ್ ಆಗಿ ಇಟ್ಟಿದ್ದೇನೆ.